ಎಟಿಎಫ್: ಹಳೆಯ ಕಾರಿನಲ್ಲಿ ಬದಲಿಸಬೇಕೋ, ಬಿಡಬೇಕೋ?

ಆಟೊಮ್ಯಾಟಿಕ್ ಕಾರಿನ ಸರ್ವಿಸ್ ಬಿಲ್ಲಿನಲ್ಲಿ ಎಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಎಲ್ಲ ಬಂದು ಹೋಗುತ್ತವೆ. ಎಟಿಎಫ್ ಮಾತ್ರ ವರ್ಷಗಟ್ಟಲೆ ಕಾಣಿಸುವುದಿಲ್ಲ. ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್ ಎಂಬುದರ ಚಿಕ್ಕ ಹೆಸರು ಅದು. (ಪತ್ರಿಕೆಗಳಲ್ಲಿ ಬೆಲೆ ಏರಿತು, ಇಳಿಯಿತು ಎಂದು ಓದುವ ಎಟಿಎಫ್ ವಿಮಾನದ ಇಂಧನ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ.) ಕಾರು ಒಂದು ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಈ ಎಣ್ಣೆಯ ಮಾತು ಬರುತ್ತದೆ. ಒಬ್ಬ ಮೆಕ್ಯಾನಿಕ್ "ಕೂಡಲೇ ಬದಲಿಸಿ" ಎನ್ನುತ್ತಾರೆ. ಇನ್ನೊಬ್ಬರು "ಇಷ್ಟು ವರ್ಷ ಮುಟ್ಟಿಲ್ಲ ಅಂದ್ರೆ ಇನ್ನು ಮುಟ್ಟಲೇಬೇಡಿ ಸಾರ್" ಎನ್ನುತ್ತಾರೆ. ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿರುತ್ತಾರೆ.

ಮ್ಯಾನುಯಲ್ ಕಾರಿನ ಗೇರ್ ಆಯಿಲ್‌ಗೆ ಮುಖ್ಯವಾಗಿ ಒಂದೇ ಕೆಲಸ, ಗೇರಿನ ಹಲ್ಲು ಸವೆಯದಂತೆ ನೋಡಿಕೊಳ್ಳುವುದು. ಎಟಿಎಫ್‌ನ ಪಾಡು ಬೇರೆ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಟಾರ್ಕ್ ಕನ್ವರ್ಟರ್‌ನಲ್ಲಿ ಎರಡು ಫ್ಯಾನುಗಳು ಎದುರುಬದುರು ಕೂತಂತೆ ಇರುತ್ತವೆ. ಒಂದು ರಭಸದಿಂದ ತಳ್ಳಿದ ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ. ಗೇರ್ ಬದಲಾಗುವಾಗ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದೂ ಇದೇ ಎಣ್ಣೆಯ ಒತ್ತಡ. ಅದರಲ್ಲೇ ಮುಳುಗಿರುವ ಆ ಪ್ಲೇಟುಗಳು ಕ್ಷಣಕಾಲ ನಯವಾಗಿ ಜಾರಬೇಕು, ಮರುಕ್ಷಣ ಗಟ್ಟಿಯಾಗಿ ಕಚ್ಚಬೇಕು. ಜಾರಿಕೆಯನ್ನೂ ಹಿಡಿತವನ್ನೂ ಒಂದೇ ದ್ರವದಲ್ಲಿ ಕೂಡಿಸುವುದು ಸುಲಭದ ಮಾತಲ್ಲ. ಅಮೆರಿಕದಲ್ಲಿ 1970ರ ದಶಕದ ಆರಂಭದವರೆಗೂ ಈ ಗುಣಕ್ಕಾಗಿ ಎಟಿಎಫ್‌ಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು! ಇಂದು ಆ ಜಾಗದಲ್ಲಿ ರಾಸಾಯನಿಕಗಳಿವೆ. ಅವು ಬಿಸಿಗೆ ನಿಧಾನವಾಗಿ ಸತ್ವ ಕಳೆದುಕೊಳ್ಳುತ್ತವೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ದಿನವೂ ತೆವಳುವ ಕಾರಿಗೂ, ಚಾರ್ಮಾಡಿ ಘಾಟಿಯನ್ನು ತುಂಬು ಲಗೇಜಿನೊಂದಿಗೆ ಹತ್ತುವ ಕಾರಿಗೂ ಆ ಬಿಸಿ ಹೆಚ್ಚು.

ಹಾಗಾದರೆ ಕೆಲವು ಕಂಪನಿಗಳು 'ಲೈಫ್‌ಟೈಮ್ ಫ್ಲೂಯಿಡ್' ಎನ್ನುವುದೇಕೆ? ಈ ಪದವೇ ಅನೇಕರ ದಾರಿ ತಪ್ಪಿಸಿದೆ. ಅದು ಯಾರ ಲೈಫು ಎಂದು ಕೇಳಬೇಕು. ಕಂಪನಿ ಲೆಕ್ಕ ಹಾಕುವ ಗೇರ್‌ಬಾಕ್ಸಿನ ಆಯುಸ್ಸು ಒಂದು, ಹದಿನೈದು ವರ್ಷ ಓಡಿಸಬೇಕೆಂದಿರುವ ನಿಮ್ಮ ಲೆಕ್ಕ ಇನ್ನೊಂದು. ಹಲವು ಕಾರು ಕಂಪನಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಸಂಸ್ಥೆಯೇ ತನ್ನ ಆಟೊಮ್ಯಾಟಿಕ್‌ಗಳಲ್ಲಿ 80,000ದಿಂದ 1,20,000 ಕಿ.ಮೀ. ಒಳಗೆ, ಇಲ್ಲವೇ 8 ವರ್ಷಕ್ಕೆ ಎಣ್ಣೆ ಬದಲಿಸಿ ಎನ್ನುತ್ತದೆ.

"ಬದಲಿಸಿದ್ದಕ್ಕೇ ಕೆಟ್ಟಿತು" ಎಂಬ ಭಯಕ್ಕೂ ಕಾರಣವಿದೆ. ಹೆಚ್ಚಿನವರಿಗೆ ಎಣ್ಣೆಯ ನೆನಪಾಗುವುದೇ ಗೇರ್ ಜಾರತೊಡಗಿದ ಮೇಲೆ. ಅಷ್ಟರಲ್ಲಿ ಕ್ಲಚ್ ಪ್ಲೇಟಿನ ಲೈನಿಂಗ್ ಸವೆದಿರುತ್ತದೆ, ಹೊಸ ಎಣ್ಣೆ ಅದನ್ನು ಬೆಳೆಸಿಕೊಡುವುದಿಲ್ಲ. ಎರಡು ವಾರದಲ್ಲಿ ಗೇರ್‌ಬಾಕ್ಸ್ ಕೈಕೊಟ್ಟರೆ ಅಪವಾದ ಎಣ್ಣೆಯ ತಲೆಗೆ. ಮೆಷಿನ್ ಹಚ್ಚಿ ಒತ್ತಡದಿಂದ ಫ್ಲಶ್ ಮಾಡಿದರೆ ಇನ್ನೊಂದು ಅಪಾಯ: ತಳದಲ್ಲಿ ಕೂತಿದ್ದ ಕೊಳೆ ಎದ್ದು, ಎಣ್ಣೆಯನ್ನು ಬೇಕಾದ ಕಡೆಗೆ ಹರಿಸುವ ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳಬಹುದು. ಹಳೆಯ ಕಾರಿಗೆ ಫ್ಲಶ್ ಬೇಡವೇ ಬೇಡ ಎನ್ನುವವನು ನಾನು.

ನಮ್ಮ ಮನೆಯ ಕಾರಿನಲ್ಲಿ ಮೊದಲ ಸಲ ಎಣ್ಣೆ ಇಳಿಸಿದಾಗ ಬಂದದ್ದು ಕಾಫಿ ಡಿಕಾಕ್ಷನ್ ಬಣ್ಣ. ಹೊಸ ಎಟಿಎಫ್ ಸಾಮಾನ್ಯವಾಗಿ ಕೆಂಪಗಿರುತ್ತದೆ. ಸೋರಿದರೆ ಎಂಜಿನ್ ಆಯಿಲ್ ಅಲ್ಲವೆಂದು ಗೊತ್ತಾಗಲಿ ಎಂದು ಬಣ್ಣ ಹಾಕಿರುತ್ತಾರೆ. ನೋಡಿ ಎದೆ ಧಸಕ್ಕೆಂದರೂ ಮೂಸಿದಾಗ ಸುಟ್ಟ ವಾಸನೆ ಇರಲಿಲ್ಲ, ಗೇರ್ ಜಾರುತ್ತಲೂ ಇರಲಿಲ್ಲ. ಅಂಥ ಕಾರಿಗೆ ಧೈರ್ಯವಾಗಿ ಬದಲಿಸಬಹುದು. ಸುಟ್ಟ ವಾಸನೆಯಿದ್ದು, ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿದಷ್ಟು ವೇಗ ಏರದಿದ್ದರೆ ಮೊದಲು ಗೇರ್‌ಬಾಕ್ಸ್ ಬಲ್ಲವರಿಗೆ ತೋರಿಸಿ. ಎಣ್ಣೆಯ ಖರ್ಚು ಆಮೇಲೆ.

ಬದಲಿಸುವುದಾದರೆ ಡ್ರೈನ್ ಬೋಲ್ಟ್ ಬಿಚ್ಚಿ ಇಳಿಸುವ ಹಳೆಯ ಕ್ರಮವೇ ಸಾಕು. ಟಾರ್ಕ್ ಕನ್ವರ್ಟರ್‌ನಲ್ಲಿ ನಿಂತದ್ದು ಇಳಿಯದ ಕಾರಣ ಒಂದು ಸಲಕ್ಕೆ ಅರ್ಧಕ್ಕಿಂತ ಕಡಿಮೆಯೇ ಬರುವುದು ಹೆಚ್ಚು. ಶೇ 40 ಬಂತೆನ್ನಿ: ನಡುವೆ ಕೆಲವು ಸಾವಿರ ಕಿ.ಮೀ. ಓಡಿಸಿ ಮೂರು ಸಲ ಬದಲಿಸಿದರೆ ಶೇ 78ರಷ್ಟು ಹೊಸತಾಗುತ್ತದೆ. ಹಳೆಯ ಗೇರ್‌ಬಾಕ್ಸಿಗೆ ಈ ನಿಧಾನವೇ ಒಳ್ಳೆಯದು.

ಡಬ್ಬಿಯ ಮೇಲೆ ಎಟಿಎಫ್ ಎಂದಿದ್ದರೆ ಸಾಲದು. ಡೆಕ್ಸ್ರಾನ್ 6, ಟೊಯೋಟಾ ಡಬ್ಲ್ಯೂಎಸ್, ಹೋಂಡಾ ಡಿಡಬ್ಲ್ಯೂ-1 ಹೀಗೆ ಕಾರಿನ ಪುಸ್ತಕದಲ್ಲಿ ಬರೆದದ್ದೇ ಬೇಕು. ಹಂತಹಂತದ ಗೇರುಗಳಿಲ್ಲದ ಆಟೊಮ್ಯಾಟಿಕ್ ಆದ ಸಿವಿಟಿಗೆ ಅದರದೇ ಬೇರೆ ಎಣ್ಣೆಯಿದೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಭಾರತಕ್ಕೆ ಬಂದ, ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ತಾನೇ ಮಾಡುವ ಎಎಂಟಿಯ ಒಳಗಿರುವುದು ಮ್ಯಾನುಯಲ್ ಗೇರ್‌ಬಾಕ್ಸ್, ಅಲ್ಲಿ ಎಟಿಎಫ್‌ನ ಮಾತೇ ಇಲ್ಲ. ಇಳಿಸಿದ ಎಣ್ಣೆಯನ್ನು ಅಳೆದು, ಅಷ್ಟೇ ಹೊಸತು ಹಾಕಿಸಿ. ಆಮೇಲೆ ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಕಂಪನಿ ಹೇಳಿದ ಬಿಸಿಯಲ್ಲಿ ಮಟ್ಟ ನೋಡಿಸಿ. ಬಿಸಿಗೆ ಈ ಎಣ್ಣೆ ಉಬ್ಬುವುದರಿಂದ ತಣ್ಣಗಿದ್ದಾಗ ನೋಡಿದ ಮಟ್ಟ ಕಡಿಮೆಯೇ ಕಾಣುತ್ತದೆ, ಅದನ್ನು ನಂಬಿ ಇನ್ನಷ್ಟು ಸುರಿದರೆ ಹೆಚ್ಚಾಗಿ ನೊರೆ ಕಟ್ಟುತ್ತದೆ.