ದೂರ ಅಳೆಯದ ಎಸೆತ: ಹೈಲ್ಯಾಂಡ್ ಗೇಮ್ಸ್ ಬೆಳೆದುಬಂದ ದಾರಿ

ಕಿಲ್ಟ್ ಎಂಬ ಮೊಣಕಾಲುದ್ದದ ನೆರಿಗೆಯುಡುಪು ಉಟ್ಟ ಜಟ್ಟಿಯೊಬ್ಬ ಮರದ ಕಂಬವನ್ನು ಎತ್ತಿ ಎಸೆಯುವ ಚಿತ್ರ ಸ್ಕಾಟ್ಲೆಂಡಿನ ಬೆಟ್ಟಸೀಮೆಯಾದ ಹೈಲ್ಯಾಂಡ್ಸ್‌ನ ಕ್ರೀಡಾಕೂಟ, ಹೈಲ್ಯಾಂಡ್ ಗೇಮ್ಸ್‌ನ ಗುರುತೇ ಆಗಿಬಿಟ್ಟಿದೆ. ಕೇಬರ್ ಎಂಬ ಆ ಕಂಬ ಎಷ್ಟು ದೂರ ಬಿತ್ತು ಎಂದು ಯಾರೂ ಅಳೆಯುವುದಿಲ್ಲ. ಎಷ್ಟು ನೆಟ್ಟಗೆ ಬಿತ್ತು ಎಂಬುದಷ್ಟೇ ಲೆಕ್ಕ. ಈ ಕ್ರೀಡೆಗಳ ವಯಸ್ಸಿನ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಸಾವಿರ ವರ್ಷದಿಂದ ಹೀಗೇ ನಡೆದುಬಂದಿವೆ ಎನ್ನುವವರುಂಟು. ಹಳೆಯದು ಎನ್ನಬೇಕಾದ್ದು ಅಲ್ಲಿನ ಕಲ್ಲು, ಸುತ್ತಿಗೆ, ತೂಕದ ಬಟ್ಟುಗಳನ್ನು. ಅವನ್ನು ಒಂದು ಮೈದಾನಕ್ಕೆ ತಂದು ಹಬ್ಬ ಮಾಡಿದ್ದು ಹತ್ತೊಂಬತ್ತನೇ ಶತಮಾನ.

ದಂತಕಥೆಗಳಿಗೇನೂ ಕೊರತೆಯಿಲ್ಲ. ಹನ್ನೊಂದನೇ ಶತಮಾನದ ದೊರೆ ಮೂರನೇ ಮಾಲ್ಕಮ್ ವೇಗದ ಓಲೆಕಾರನನ್ನು ಹುಡುಕಲು ಬ್ರೇಮಾರ್ ಬಳಿಯ ಕ್ರೇಗ್ ಕೊಯ್ನಿಕ್ ಗುಡ್ಡಕ್ಕೆ ಓಟ ಏರ್ಪಡಿಸಿದ್ದನಂತೆ. ಫೈಫ್ ಸೀಮೆಯ ಸೀರಿಸ್ ಊರಿನವರು ತಮ್ಮ ಆಟಗಳನ್ನು 1314ರ ಬ್ಯಾನಕ್‌ಬರ್ನ್ ಯುದ್ಧದಲ್ಲಿ ಸ್ಕಾಟರು ಇಂಗ್ಲಿಷರ ಮೇಲೆ ಪಡೆದ ಗೆಲುವಿಗೆ ಜೋಡಿಸುತ್ತಾರೆ. ಇವು ಊರಿನವರ ನೆನಪಿನಲ್ಲಿ ಉಳಿದ ಮಾತುಗಳು. ದಾಖಲೆಯ ಬಲ ಇವಕ್ಕೆ ಕಡಿಮೆ.

ದಾಖಲೆ ಗಟ್ಟಿಯಾಗುವುದು ಒಂದು ಸೋಲಿನ ನಂತರ. 1746ರ ಏಪ್ರಿಲ್ 16ರಂದು ಕಲೋಡನ್ ಬಯಲಿನಲ್ಲಿ ಪದಚ್ಯುತ ಸ್ಟುವರ್ಟ್ ರಾಜವಂಶವನ್ನು ಮತ್ತೆ ಪಟ್ಟಕ್ಕೆ ತರಲು ಎದ್ದ ಜಾಕಬೈಟ್ ದಂಗೆ ಮುರಿದುಬಿತ್ತು. ಮರುವರ್ಷದ ಆಗಸ್ಟಿನಿಂದ ಗಂಡಸರು, ಹುಡುಗರು ಹೈಲ್ಯಾಂಡ್ ಉಡುಪು ತೊಡುವುದು ಅಪರಾಧವಾಯಿತು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳು ಸೆರೆ, ಎರಡನೇ ಸಲಕ್ಕೆ ಏಳು ವರ್ಷ ಕಡಲಾಚೆಗೆ ಗಡೀಪಾರು. ಬ್ಯಾಗ್‌ಪೈಪ್‌ ಅನ್ನೂ ನಿಷೇಧಿಸಲಾಗಿತ್ತು ಎಂದು ಹೇಳುವುದುಂಟು. ಕಾಯ್ದೆಯಲ್ಲಿ ಅದರ ಹೆಸರಿಲ್ಲ. ಮುಖ್ಯವಾದ ವಿನಾಯಿತಿ ಇದ್ದದ್ದು ಸೈನಿಕರಿಗೆ. ಹಾಗಾಗಿ ಊರಿನಲ್ಲಿ ಅಪರಾಧವಾದ ಕಿಲ್ಟ್ ಬ್ರಿಟಿಷ್ ಸೇನೆಯ ಹೈಲ್ಯಾಂಡ್ ರೆಜಿಮೆಂಟುಗಳಲ್ಲಿ ಸಮವಸ್ತ್ರವಾಗಿ ಉಳಿಯಿತು. ನಮ್ಮ ಇತಿಹಾಸಕ್ಕೂ ಈ ರೆಜಿಮೆಂಟುಗಳ ಕೊಂಡಿ ಇದೆ: 1799ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದ ಪಡೆಯಲ್ಲಿ 73 ಮತ್ತು 74ನೇ ಹೈಲ್ಯಾಂಡ್ ರೆಜಿಮೆಂಟುಗಳಿದ್ದವು. ಕೋಟೆಗೆ ನುಗ್ಗಿದ ದಳಗಳ ಮುಂದಾಳು ಡೇವಿಡ್ ಬೇರ್ಡ್ ಕೂಡ ಸ್ಕಾಟ್ಲೆಂಡಿನವನೇ.

ಉಡುಪಿನ ಕಾಯ್ದೆ ರದ್ದಾದದ್ದು 1782ರಲ್ಲಿ. ಅದಕ್ಕೆ ಒತ್ತಾಯಿಸಿದ ಲಂಡನ್ನಿನ ಹೈಲ್ಯಾಂಡ್ ಸೊಸೈಟಿ ಹಿಂದಿನ ವರ್ಷವೇ ಫಾಲ್ಕರ್ಕ್‌ನಲ್ಲಿ ಬ್ಯಾಗ್‌ಪೈಪ್ ಸ್ಪರ್ಧೆ ನಡೆಸಿತ್ತು. ಅಳಿದುಹೋಗುವುದನ್ನು ಬಹುಮಾನ ಕೊಟ್ಟು ಉಳಿಸುವ ಈ ಕ್ರಮವೇ ಮುಂದೆ ಗೇಮ್ಸ್‌ಗೆ ಅಡಿಪಾಯ. ಇಲ್ಲೊಂದು ನೋವಿನ ಸಂಗತಿಯನ್ನು ಮರೆಮಾಚಬಾರದು. ಇಂಥ ಸಂಘಗಳಿಗೆ ಹಣ, ಹೆಸರು ಕೊಟ್ಟದ್ದು ಭೂಮಾಲೀಕ ವರ್ಗ. ಅದೇ ವರ್ಗ ಕುರಿ ಸಾಕಣೆಗೆ ಜಾಗ ಮಾಡಲು ಗೇಣಿದಾರರನ್ನು ಒಕ್ಕಲೆಬ್ಬಿಸುತ್ತಿತ್ತು. 1814 ಮತ್ತು 1819ರಲ್ಲಿ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಮನೆಗಳಿಗೆ ಬೆಂಕಿಯಿಟ್ಟು ಜನರನ್ನು ಹೊರಹಾಕಲಾಯಿತು. ಸಂಸ್ಕೃತಿಯನ್ನು ಕೊಂಡಾಡಿದ ಕಾಲವೂ ಅದನ್ನು ಬಾಳುತ್ತಿದ್ದವರು ಹಡಗು ಹತ್ತಿದ ಕಾಲವೂ ಒಂದೇ.

ಊರಿನ ಮಟ್ಟದಲ್ಲಿ ಕಥೆ ಬೇರೆ. ಬ್ರೇಮಾರ್‌ನಲ್ಲಿ 1815ರಲ್ಲಿ ಬಡಗಿಗಳು ಕಟ್ಟಿಕೊಂಡ ಸಂಘದ ಕೆಲಸ ಕಾಯಿಲೆ ಬಿದ್ದವರಿಗೆ, ವಿಧವೆಯರಿಗೆ ನೆರವಾಗುವುದು. ವರ್ಷಕ್ಕೊಮ್ಮೆ ಮೆರವಣಿಗೆ ಹೊರಡುತ್ತಿದ್ದ ಅದೇ ಸಂಘ 1832ರಲ್ಲಿ ನಗದು ಬಹುಮಾನವಿಟ್ಟು ಪಂದ್ಯ ಶುರುಮಾಡಿತು. ಸ್ಟ್ರಾತ್‌ಡಾನ್ ಕಣಿವೆಯ ಲೊನಾಕ್ ಸೊಸೈಟಿಯನ್ನು 1823ರಲ್ಲಿ ಸ್ಥಾಪಿಸಿದವನು ಸರ್ ಚಾರ್ಲ್ಸ್ ಫೋರ್ಬ್ಸ್, ಮುಂಬಯಿಯಲ್ಲಿ ವ್ಯಾಪಾರ ಮಾಡಿ ಹಣವಂತನಾದವನು. ಲೊನಾಕ್‌ನ ಗಂಡಸರು ಇಂದಿಗೂ ಆಗಸ್ಟಿನಲ್ಲಿ ಈಟಿ ಹಿಡಿದು ಕಣಿವೆಯುದ್ದಕ್ಕೂ ಸಾಗುತ್ತಾರೆ. 1822ರಲ್ಲಿ ಬ್ರಿಟನ್ನಿನ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರಾಕ್ಕೆ ಬಂದಾಗ ಕಿಲ್ಟ್ ಹೊಲಿಯುವ ಚೌಕುಳಿಯ ಟಾರ್ಟನ್ ಬಟ್ಟೆಗೆ ರಾಜಮರ್ಯಾದೆ ಸಿಕ್ಕಿತು. 1848ರಲ್ಲಿ ವಿಕ್ಟೋರಿಯಾ ರಾಣಿ ಬ್ರೇಮಾರ್ ಕೂಟಕ್ಕೆ ಬಂದ ಮೇಲೆ ಉಳಿದ ಊರುಗಳೂ ಅದೇ ಮಾದರಿ ಹಿಡಿದವು. ಸೆಪ್ಟೆಂಬರಿನ ಮೊದಲ ಶನಿವಾರ ನಡೆಯುವ ಆ ಕೂಟ ಈಗಲೂ ಎಲ್ಲಕ್ಕಿಂತ ಹೆಸರುವಾಸಿ.

ಈಗ ಕಂಬಕ್ಕೆ ಬರೋಣ. ಬ್ರೇಮಾರ್ ಕೇಬರ್‌ನ ಉದ್ದ 19 ಅಡಿ 9 ಅಂಗುಲ, ತೂಕ ಸುಮಾರು 60 ಕಿಲೋ. ದಪ್ಪ ತುದಿ ಮೇಲೆ, ಸಣ್ಣ ತುದಿ ಕೆಳಗೆ. ಸಹಾಯಕರು ಅದನ್ನು ನೆಟ್ಟಗೆ ನಿಲ್ಲಿಸಿಕೊಟ್ಟಾಗ ಆಟಗಾರ ಕುಕ್ಕರಿಸಿ, ಬೆರಳು ಹೆಣೆದ ಎರಡೂ ಅಂಗೈಗಳನ್ನು ಬುಡದ ಕೆಳಗೆ ತೂರಿಸಿ, ಕಂಬವನ್ನು ಹೆಗಲಿಗೆ ಒರಗಿಸಿಕೊಂಡು ಏಳುತ್ತಾನೆ. ಸ್ವಲ್ಪ ದೂರ ಓಡಿ ಗಕ್ಕನೆ ನಿಂತಾಗ ಕಂಬದ ತಲೆ ಓಟದ ರಭಸಕ್ಕೆ ಮುಂದಕ್ಕೆ ವಾಲುತ್ತದೆ. ಆ ಗಳಿಗೆಗೆ ಸರಿಯಾಗಿ ಬುಡವನ್ನು ಮೇಲಕ್ಕೆ ಎಳೆದೆಸೆಯಬೇಕು. ದಪ್ಪ ತುದಿ ನೆಲಕ್ಕೆ ಬಡಿದು, ಕೈಯಲ್ಲಿದ್ದ ತುದಿ ಅದರ ಮೇಲಿಂದ ಹಾಯ್ದು ಆಚೆಗೆ ಬೀಳಬೇಕು. ಓಡಿದ ದಿಕ್ಕಿಗೇ ನೇರವಾಗಿ ಬಿದ್ದರೆ ಗಡಿಯಾರದ ಹನ್ನೆರಡು ಗಂಟೆ, ಅದೇ ಪೂರ್ಣ ಎಸೆತ. ಆತುರಪಟ್ಟು ಬೇಗ ಎಳೆದರೆ ತಲೆ ಸಾಕಷ್ಟು ವಾಲಿರುವುದಿಲ್ಲ, ಕಂಬ ಹಿಂದಕ್ಕೇ ಬೀಳುತ್ತದೆ. ತಡವಾದರೆ ಕೈಗೆ ಬಲ ಹಾಕಲು ಎಡೆಯಿರುವುದಿಲ್ಲ. ಪಕ್ಕಕ್ಕೆ ವಾಲಿದ ಕಂಬದೊಂದಿಗೆ ಓಡಿದರೆ ಹತ್ತಕ್ಕೋ ಎರಡಕ್ಕೋ ಬೀಳುವುದು ಖಚಿತ. ಮಗುಚದೆ ಹೋದ ಎಸೆತಗಳಲ್ಲಿ ಕಂಬ ಎಷ್ಟು ಕೋನಕ್ಕೆ ಎದ್ದಿತ್ತು ಎಂಬುದನ್ನು ಪಕ್ಕದಲ್ಲಿ ನಿಂತ ತೀರ್ಪುಗಾರ ನೋಡಿ ಅಂಕ ಕೊಡುತ್ತಾನೆ. ಯಾರಿಂದಲೂ ಮಗುಚಲು ಆಗದಿದ್ದರೆ ತುದಿಯನ್ನು ಗರಗಸದಿಂದ ಕೊಯ್ದು ಮತ್ತೆ ಆಡಿಸುವ ರೂಢಿಯಿದೆ. ಒಂದೊಂದು ಊರಿನ ಕಂಬ ಒಂದೊಂದು ಅಳತೆಯದು. ಕೇಬರ್‌ಗೆ ವಿಶ್ವದಾಖಲೆ ಎಂಬುದಕ್ಕೆ ಅರ್ಥವೇ ಇಲ್ಲ.

ತೂಕದ ಎಸೆತದಲ್ಲಿ 28 ಮತ್ತು 56 ಪೌಂಡಿನ ಅಂಕಿಗಳು ಸುಮ್ಮನೆ ಬಂದವಲ್ಲ. ಬ್ರಿಟಿಷ್ ವ್ಯಾಪಾರದ 112 ಪೌಂಡಿನ ಹಂಡ್ರೆಡ್‌ವೇಟ್‌ನ ಕಾಲು ಮತ್ತು ಅರ್ಧ ಅವು, ಎಂದರೆ ಸುಮಾರು 12.7 ಮತ್ತು 25.4 ಕಿಲೋ. ಯಾವುದೇ ಆದರೂ ಒಂದೇ ಕೈಯಲ್ಲಿ ಎಸೆಯಬೇಕು. ಸುತ್ತಿಗೆಗೆ ಒಲಿಂಪಿಕ್ಸ್‌ನಂತೆ ತಂತಿಯಿಲ್ಲ, ಗಟ್ಟಿ ಹಿಡಿಕೆ. ತೂಕ 16 ಅಥವಾ 22 ಪೌಂಡು. ಮೈ ತಿರುಗಿಸುವಂತಿಲ್ಲ, ಕಾಲು ಊರಿದಲ್ಲೇ ನಿಂತು ತಲೆಯ ಸುತ್ತ ಬೀಸಬೇಕು. ಆ ಸೆಳೆತಕ್ಕೆ ಕಾಲು ಕಿತ್ತುಬಾರದಿರಲೆಂದು ಬೂಟಿನ ಮುಂದೆ ಚಾಚಿದ ಅಲಗುಗಳನ್ನು ನೆಲಕ್ಕೆ ತುಳಿದು ನೆಡುತ್ತಾರೆ.

ಇದೆಲ್ಲ ನಡೆಯುವಾಗ ಅದೇ ಮೈದಾನದ ಇನ್ನೊಂದು ಮೂಲೆಯಲ್ಲಿ ಪೈಪ್ ಸ್ಪರ್ಧೆ, ಮತ್ತೊಂದು ಕಡೆ ವೇದಿಕೆಯ ಮೇಲೆ ನೃತ್ಯ. ಅಡ್ಡಡ್ಡ ಇಟ್ಟ ಎರಡು ಕತ್ತಿಗಳ ನಡುವೆ ಕುಣಿಯುವಾಗ ಕಾಲು ತಾಗಿದರೆ ಅಂಕ ಕಳೆಯುತ್ತದೆ, ಕತ್ತಿ ಸರಿದರೆ ಸ್ಪರ್ಧೆಯಿಂದಲೇ ಹೊರಗೆ.

ನಗದು ಬಹುಮಾನ ಮೊದಲಿನಿಂದಲೂ ಇದ್ದದ್ದರಿಂದ ಇಲ್ಲಿ ಕೂಲಿಕಾರ, ಕಲ್ಲುಕುಟಿಗರೂ ಶಕ್ತಿಯಿಂದ ದುಡಿಯಬಹುದಿತ್ತು. ವಲಸೆ ಹೋದವರು ಕೆನಡಾದ ಆಂಟಿಗೊನಿಶ್‌ನಲ್ಲಿ 1863ರಿಂದ ಗೇಮ್ಸ್ ನಡೆಸುತ್ತ ಬಂದಿದ್ದಾರೆ. ಅಮೆರಿಕ, ಆಸ್ಟ್ರೇಲಿಯಾಗಳಿಗೂ ಹೋಗಿ ಗೆದ್ದು ಬಂದ ವೃತ್ತಿಪರ ಡೊನಾಲ್ಡ್ ಡಿನ್ನಿ (1837–1916) ಕಲ್ಲುಕುಟಿಗನ ಮಗ. ಅವನ ಹೆಸರಿನ ಎರಡು ಕಲ್ಲುಗಳು ಡೀ ನದಿಯ ಪೊಟಾರ್ಕ್ ಸೇತುವೆಯ ದುರಸ್ತಿಗೆ ಭಾರವಾಗಿ ಬಳಸಿದಂಥವು, ಕಬ್ಬಿಣದ ಬಳೆ ಜಡಿದವು. ಒಂದು ಸುಮಾರು 188 ಕಿಲೋ, ಇನ್ನೊಂದು 144.5 ಕಿಲೋ. 1860ರ ಸುಮಾರಿಗೆ ಎರಡನ್ನೂ ಹಿಡಿದು ಸೇತುವೆಯ ಅಗಲಕ್ಕೆ ನಡೆದನೆಂದು ಪ್ರತೀತಿ. ಆ ಕಲ್ಲುಗಳು ಪೊಟಾರ್ಕ್‌ನಲ್ಲೇ ಇವೆ; ಎತ್ತಲು ಬರುವವರು ಒಂದನ್ನು ಕಾಲ ಮುಂದೆ, ಒಂದನ್ನು ಹಿಂದೆ ಇಟ್ಟುಕೊಂಡು ನಿಲ್ಲುತ್ತಾರೆ. ಸಾಮಾನ್ಯವಾಗಿ ಬೆನ್ನಿಗಿಂತ ಮೊದಲು ಸೋಲುವುದು ಭಾರದ ಕಲ್ಲಿನ ಬಳೆ ಹಿಡಿದ ಬೆರಳು.