ಕುಡಿಯದ ಮಾವನ ಲಿವರ್, ಕರುಳಿನ ಕಳ್ಳಭಟ್ಟಿ

ಗಂಗಾವತಿ ಕಡೆಯ ನಮ್ಮ ಮಾವ ಜೀವನದಲ್ಲೇ ಹೆಂಡ ಮುಟ್ಟಿದವರಲ್ಲ. ಹೊಟ್ಟೆನೋವೆಂದು ಸ್ಕ್ಯಾನ್ ಮಾಡಿಸಿದರೆ 'ಫ್ಯಾಟಿ ಲಿವರ್' ಎಂದು ಬಂತು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, 'ದಿನಾ ಎಷ್ಟು ಕುಡೀತೀರಿ?' 'ಚಾ ಬಿಟ್ರ ಏನೂ ಇಲ್ರೀ' ಅಂದರೂ ಅವರು ನಂಬಿದಂತೆ ಕಾಣಲಿಲ್ಲ. ಮನೆಗೆ ಬಂದರೆ ಅತ್ತೆಗೂ ಡೌಟು!

ಈ ಅನುಮಾನ ಹಳೆಯದು. 1980ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಲುಡ್ವಿಗ್ ಮತ್ತು ಜೊತೆಗಾರರು 20 ರೋಗಿಗಳ ಬಗ್ಗೆ ಬರೆದರು. ಲಿವರ್ ಚೂರು ನೋಡಿದರೆ ಥೇಟ್ ಕುಡುಕರದ್ದು. ಆದರೆ ಅವರು ಕುಡುಕರಲ್ಲ, ಹೆಚ್ಚಿನವರು ದಪ್ಪಗಿದ್ದವರು. ಆ ಕಾಯಿಲೆಗೆ 'ನ್ಯಾಶ್' ಎಂದು ಹೆಸರಿಟ್ಟರು, ಅಂದರೆ 'ಆಲ್ಕೋಹಾಲ್‌ನಿಂದ ಬಾರದ' ಕೊಬ್ಬು ಲಿವರಿನ ಉರಿಯೂತ.

ಕರುಳಿನ ಸುಳಿವು ಬಂದದ್ದು ಬೇರೆ ದಾರಿಯಿಂದ. ಆಗೆಲ್ಲ ತೂಕ ಇಳಿಸಲು ಸಣ್ಣ ಕರುಳಿನ ಬಹುಭಾಗವನ್ನು ಬದಿಗಿಟ್ಟು ಊಟ ಮುಂದೆ ಹಾಯುವಂತೆ ಮಾಡುವ ಆಪರೇಷನ್ ಮಾಡುತ್ತಿದ್ದರು. ತೂಕವೇನೋ ಇಳಿಯಿತು, ಕೆಲವರ ಲಿವರ್ ಮಾತ್ರ ಕೆಟ್ಟಿತು. ಸುಮ್ಮನೆ ಬಿಟ್ಟ ಕರುಳಿನ ತುಂಡಿನಲ್ಲಿ ಬ್ಯಾಕ್ಟೀರಿಯಾ ಮಿತಿಮೀರಿ ಬೆಳೆಯುತ್ತಿದ್ದವು. ನಾವು ಭೇದಿಗೆ ನುಂಗುವ, ಬ್ಯಾಕ್ಟೀರಿಯಾ ಕೊಲ್ಲುವ ಮೆಟ್ರೊನಿಡಜೋಲ್ ಕೊಟ್ಟಾಗ ಲಿವರಿನ ಕೊಬ್ಬು ಕಡಿಮೆಯಾಯಿತು!

ಯಾಕೆ ಹೀಗೆ? ಕಾಲುವೆ ನೋಡಿದವರಿಗೆ ಬೇಗ ಅರ್ಥವಾಗುತ್ತೆ. ಲಿವರ್ ಅಂದರೆ ತೂಬಿನ ಕೆಳಗಿನ ಮೊದಲ ಗದ್ದೆ. ಅದಕ್ಕೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ಕರುಳು, ಹೊಟ್ಟೆಯ ಕಡೆಯಿಂದಲೇ ಹರಿದು ಬರುತ್ತದೆ. ಕರುಳಿನ ಗೋಡೆ ಸೋರಿದರೆ ಬ್ಯಾಕ್ಟೀರಿಯಾದ ಚೂರುಗಳೂ ನೀರಿನ ಜೊತೆ ಬಂದ ಕಸದ ಹಾಗೆ ಅಲ್ಲಿಗೇ ಬಂದು ಉರಿಯೂತ ಎಬ್ಬಿಸುತ್ತವೆ.

2013ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಎಲ್ಲ ಇಲಿಗಳಿಗೂ ಒಂದೇ ಕೊಬ್ಬಿನ ಆಹಾರ ಹಾಕಿದರು. ಕೆಲವಕ್ಕೆ ಮಾತ್ರ ಕಾಯಿಲೆ ಜೋರಾಗಿ ಹಿಡಿಯಿತು. ಅಂಥವುಗಳ ಕರುಳಿನ ಬ್ಯಾಕ್ಟೀರಿಯಾವನ್ನು ಬ್ಯಾಕ್ಟೀರಿಯಾವೇ ಇಲ್ಲದ ಇಲಿಗಳಿಗೆ ಹಾಕಿದರೆ, ಅವಕ್ಕೂ ಲಿವರಿನಲ್ಲಿ ಕೊಬ್ಬು ಕಟ್ಟಿತು.

ಇನ್ನೂ ಮಜಾ ಇರುವುದು 2019ರ ಬೀಜಿಂಗ್ ಕಥೆಯಲ್ಲಿ. ಒಬ್ಬ ಯುವಕ ಸಿಹಿ ತಿಂದರೆ ಸಾಕು, ಕುಡಿಯದೇ ಅಮಲೇರುತ್ತಿತ್ತು. ಲಿವರ್ ಕೂಡ ತೀರಾ ಹದಗೆಟ್ಟಿತ್ತು. ಮೊದಲು ಯೀಸ್ಟ್ ಮೇಲೆ ಅನುಮಾನಪಟ್ಟರು, ಆ ಔಷಧಿ ನಾಟಲಿಲ್ಲ. ಕೊನೆಗೆ ಸಿಕ್ಕಿದ್ದು ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಎಂಬ ಬ್ಯಾಕ್ಟೀರಿಯಾ. ಸಕ್ಕರೆಯಿಂದ ಆಲ್ಕೋಹಾಲ್ ಕಾಯಿಸುವ ಕಳ್ಳಭಟ್ಟಿ ಅದು! ಅಲ್ಲಿನ ಕೊಬ್ಬು ಲಿವರಿನ ರೋಗಿಗಳಲ್ಲಿ ಸುಮಾರು 60 ಶೇಕಡಾ ಜನರಲ್ಲಿ ಇಂಥ ತಳಿ ಕಂಡಿತು. ಹಾಗಂತ ಎಲ್ಲರ ಕೊಬ್ಬಿಗೂ ಇದೇ ಕಾರಣ ಅಂತಲ್ಲ. ತೂಕ, ಸಕ್ಕರೆ ಕಾಯಿಲೆ, ವಂಶವಾಹಿ ಎಲ್ಲ ಸೇರಿರುತ್ತವೆ. 2023ರಲ್ಲಿ ಕಾಯಿಲೆಯ ಹೆಸರಿನಿಂದ 'ಆಲ್ಕೋಹಾಲ್' ಪದವನ್ನೇ ತೆಗೆದು ಹಾಕಿದರು. ಮಾವನಿಗೆ ಅದೊಂದು ಸಮಾಧಾನ.

ಒಳ್ಳೆಯ ಬ್ಯಾಕ್ಟೀರಿಯಾದ ಕ್ಯಾಪ್ಸೂಲ್ ನುಂಗಿದರೆ ಲಿವರಿನ ಕೊಬ್ಬು ಹೋಗುತ್ತಾ ಎಂದು ಜನ ಕೇಳುತ್ತಾರೆ. ಸದ್ಯಕ್ಕೆ ದೇಹದ ತೂಕದಲ್ಲಿ 7ರಿಂದ 10 ಶೇಕಡಾ ಇಳಿಸುವುದೇ ಗಟ್ಟಿ ದಾರಿ. ಊಟದಲ್ಲಿ ನಾರು ಬೇಕು; ಒಳ್ಳೆಯ ಬ್ಯಾಕ್ಟೀರಿಯಾ ಅದನ್ನು ತಿಂದು ಕರುಳಿನ ಗೋಡೆಗೆ ಬೇಕಾದ ಬ್ಯುಟಿರೇಟ್ ಎಂಬ ಪೋಷಕ ಮಾಡುತ್ತವೆ. ತುಂಗಭದ್ರೆಯ ಕಾಲುವೆ ಬಂದಮೇಲೆ ನಮ್ಮ ಕಡೆ ಜೋಳದ ಹೊಲ ಭತ್ತದ ಗದ್ದೆಯಾಯಿತು, ತಟ್ಟೆಯೂ ಬೆಳ್ಳಗಾಯಿತು, ನಾರು ಕಡಿಮೆಯಾಯಿತು. ಬೆಳಗಿನ ಒಗ್ಗರಣಿ-ಮಿರ್ಚಿ ಬೇರೆ!

ಈಗ ಅತ್ತೆ ರೊಟ್ಟಿ ತಟ್ಟುತ್ತಾರೆ. ಬೀಜಿಂಗ್ ಸುದ್ದಿ ಓದಿ ಹೇಳಿದ ದಿನ ಮಾವ ಅವರ ಕಡೆ ತಿರುಗಿ, 'ನೋಡಿದ್ಯಾ, ನಾ ಕುಡದಿಲ್ಲ. ಒಳಗಿನವು ಕುಡಿಸ್ಯಾವ' ಎಂದರು. ಅತ್ತೆ ನಂಬಲಿಲ್ಲ.