ಬಾಗಿಲು ಮುಚ್ಚುವುದಕ್ಕೂ ಮೊದಲು

ಬಾಗಲಕೋಟೆಯಲ್ಲಿ ಚಿತ್ರಕಥೆ ಕಲಿಯಲು ನನ್ನಲ್ಲಿಗೆ ಬರುವ ಹುಡುಗರಿಗೆ ಎರ್ನ್ಸ್ಟ್ ಲೂಬಿಚ್‌ನ ಪ್ರಣಯ ಹಾಸ್ಯಚಿತ್ರಗಳನ್ನು ತೋರಿಸಿದಾಗಲೆಲ್ಲ ಅವರು ಮೊದಲು ಕಲಿಯುವುದು ಬಾಗಿಲು ಮುಚ್ಚುವುದನ್ನು. 1892ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿ ಹಾಲಿವುಡ್ಡಿನಲ್ಲಿ ಹೆಸರಾದ ಈ ನಿರ್ದೇಶಕ ಪ್ರೇಮಿಗಳನ್ನು ಕೋಣೆಯೊಳಗೆ ಬಿಟ್ಟು ಕ್ಯಾಮೆರಾವನ್ನು ಹೊರಗೇ ನಿಲ್ಲಿಸುತ್ತಿದ್ದುದು ನಿಜ, ‘ಲೂಬಿಚ್ ಟಚ್’ ಎಂದೊಡನೆ ಎಲ್ಲರಿಗೂ ನೆನಪಾಗುವುದೂ ಅದೇ. ಆದರೆ ಆ ಶೈಲಿಯ ಜೀವವಿರುವುದು ಬಾಗಿಲು ಮುಚ್ಚುವ ಮೊದಲು ಪ್ರೇಕ್ಷಕನಿಗೆ ಏನು ತಿಳಿಸಿರುತ್ತಾನೆ ಎಂಬುದರಲ್ಲಿ.

1934ರ ‘ದಿ ಮೆರಿ ವಿಡೋ’ದಲ್ಲಿ ದಪ್ಪ ಹೊಟ್ಟೆಯ ರಾಜ ರಾಣಿಯ ಕೋಣೆಯಿಂದ ಹೊರಡುತ್ತಾನೆ, ಕಾವಲಿಗೆ ನಿಂತಿದ್ದ ಸೇನಾಧಿಕಾರಿ ಒಳಗೆ ಹೋಗುತ್ತಾನೆ. ಖಡ್ಗ ಮತ್ತು ನಡುಪಟ್ಟಿಯನ್ನು ಮರೆತದ್ದು ನೆನಪಾಗಿ ರಾಜ ಮರಳಿ ಒಳಗೆ ಹೋದಾಗಲೂ ನಾವು ಹೊರಗೇ ಇರುತ್ತೇವೆ. ಅವನು ಪಟ್ಟಿ ಹಿಡಿದು ಹೊರಗೆ ಬಂದು ಕಟ್ಟಿಕೊಳ್ಳಹೋದರೆ ಅದು ಅವನ ಹೊಟ್ಟೆಯನ್ನು ಸುತ್ತುವುದೇ ಇಲ್ಲ. ಆ ಹೊಟ್ಟೆಯನ್ನು ನಾವು ಮೊದಲೇ ಕಂಡಿರದಿದ್ದರೆ ಈ ಪಟ್ಟಿಗೆ ಯಾವ ಅರ್ಥವೂ ಇರುತ್ತಿರಲಿಲ್ಲ. ಬನಶಂಕರಿ ಜಾತ್ರೆಯ ಕಂಪನಿ ನಾಟಕದಲ್ಲಾದರೆ ಇಲ್ಲಿ ರಾಜನಿಗೊಂದು ಮಾತು ಬರೆಯಬೇಕಾಗುತ್ತದೆ, ಏಕೆಂದರೆ ಟೆಂಟಿನ ಕೊನೆಯ ಸಾಲಿನಲ್ಲಿ ಕುಳಿತವನಿಗೆ ಪಟ್ಟಿಯ ಅಳತೆ ಕಾಣಿಸುವುದಿಲ್ಲ. ಆ ಮಾತನ್ನು ನಾನು ಕೀಳೆಂದು ಎಣಿಸುವುದಿಲ್ಲ.

ಇದೇ ಕ್ರಮ ನೋವಿಗೂ ಒದಗುತ್ತದೆಂಬುದಕ್ಕೆ 1940ರ ‘ದಿ ಶಾಪ್ ಅರೌಂಡ್ ದಿ ಕಾರ್ನರ್’ ಸಾಕ್ಷಿ. ಅಂಚೆ ಕಚೇರಿಯಲ್ಲಿ ನಾಯಕಿಗೆ ಕಾಗದ ಬರುವ ಪೆಟ್ಟಿಗೆಯ ಒಳಗಿನಿಂದ ನೋಡುವ ಕ್ಯಾಮೆರಾಕ್ಕೆ ಮೊದಲು ಕಾಣುವುದು ಕಾಗದಕ್ಕಾಗಿ ತಡಕಾಡುವ, ಕೈಗವಸು ತೊಟ್ಟ ಒಂದು ಕೈ, ಆಮೇಲೆ ನಾಯಕಿಯ ಬಾಡಿದ ಮುಖ. ಹೆಸರು ಹೇಳದೆ ಅವಳಿಗೆ ಕಾಗದ ಬರೆಯುತ್ತಿದ್ದವನು ಅವಳದೇ ಅಂಗಡಿಯ ಸಹೋದ್ಯೋಗಿ ಎಂದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ.

ವಿದ್ಯಾರ್ಥಿಯೊಬ್ಬ ಗುಳೇದಗುಡ್ಡದ ಖಣ ನೇಯುವ ಮನೆಯೊಂದರ ಕಥೆ ಬರೆದಿದ್ದ. ನೂಲು ಕೊಡಲು ಬಂದ ಹುಡುಗಿ ಮಗ್ಗದ ಕೋಣೆಗೆ ಹೋಗುತ್ತಾಳೆ, ಬಾಗಿಲು ಮುಚ್ಚುತ್ತದೆ, ನಾವು ಬಾಗಿಲನ್ನೇ ನೋಡುತ್ತ ಕೂರುತ್ತೇವೆ. ತೋರಿಸಿದಾಗ ಯಾರೂ ನಗಲಿಲ್ಲ, ನಗಲು ಅವರಿಗೆ ಏನನ್ನೂ ಕೊಟ್ಟಿರಲಿಲ್ಲ. ಆದ್ದರಿಂದ ನಾವಿಬ್ಬರೂ ಕುಳಿತು ಮೊದಲ ದೃಶ್ಯದಿಂದಲೇ ಮಗ್ಗದ ಸಪ್ಪಳವನ್ನು ಮನೆತುಂಬ ಹರಡಿದೆವು. ಅದು ಒಂದು ಗಳಿಗೆ ನಿಂತರೂ ಅಡುಗೆಮನೆಯಿಂದ ತಾಯಿ ‘ಯಾಕೋ, ಎಳಿ ಹರೀತೇನು?’ ಎಂದು ಕೂಗುವಂತೆ ಎರಡು ಬಾರಿ ತೋರಿಸಿದೆವು. ಈಗ ಹುಡುಗಿ ಒಳಗೆ ಹೋದಮೇಲೆ ಕ್ಯಾಮೆರಾ ತಾಯಿಯ ಬಳಿಯೇ ಉಳಿಯುತ್ತದೆ. ಸಪ್ಪಳ ನಿಲ್ಲುತ್ತದೆ. ತಾಯಿ ಕೂಗಲೆಂದು ಬಾಯಿ ತೆರೆದವಳು ಸುಮ್ಮನಾಗಿ, ಕುದಿಯುತ್ತಿರುವ ಚಹಾಕ್ಕೆ ಇನ್ನೊಂದು ಕಪ್ ಹಾಲು ಸುರಿಯುತ್ತಾಳೆ.